ದೇವರಿಗೆ ನೌಕೆಯೇಕೆ? — ಒಂದು ಅಂತರಿಕ್ಷ ಚಿತ್ರದ ತತ್ತ್ವವಿಚಾರ

ಮಾನವನು ನೆಲದ ಮೇಲೆ ನಿಂತು ಮುಗಿಲನ್ನು ನೋಡತೊಡಗಿದಂದಿನಿಂದ ಎರಡು ಕುತೂಹಲಗಳು ಅವನನ್ನು ಕಾಡುತ್ತ ಬಂದಿವೆ. ಆ ಮಿನುಗುವ ಚುಕ್ಕೆಗಳಾಚೆ ಏನಿದೆ ಎಂಬುದು ಒಂದು. ಇದನ್ನೆಲ್ಲ ನಡೆಸುವವನು ಯಾರು, ಅವನು ಎಲ್ಲಿದ್ದಾನೆ ಎಂಬುದು ಇನ್ನೊಂದು. ಮೊದಲನೆಯದರಿಂದ ಖಗೋಳಶಾಸ್ತ್ರ ಬೆಳೆಯಿತು. ಎರಡನೆಯದರಿಂದ ಅಧ್ಯಾತ್ಮ ಬೆಳೆಯಿತು. ಶಾಸ್ತ್ರಜ್ಞರು ಇವುಗಳನ್ನು ಬೇರ್ಪಡಿಸಿ ನೋಡಬಲ್ಲರು. ಸಾಮಾನ್ಯ ಮನುಷ್ಯನ ಮನಸ್ಸಿನಲ್ಲಾದರೋ ಇವೆರಡೂ ಹೆಣೆದುಕೊಂಡೇ ಇವೆ. ದೇವರೆಂದೊಡನೆ ಅವನ ಕಣ್ಣು ಮೇಲಕ್ಕೆ ಹೋಗುತ್ತದೆ. ಹಾಗಾದರೆ ಒಂದು ನೌಕೆಯನ್ನೇರಿ ಮುಗಿಲಿನ ನಡುಮನೆಯನ್ನೇ ಹೊಕ್ಕರೆ ಅಲ್ಲಿ ದೇವರು ದೊರೆತಾನೆಯೆ?

ಈ ಪ್ರಶ್ನೆಯನ್ನೇ ವಸ್ತುವಾಗಿ ಉಳ್ಳ ಇಂಗ್ಲಿಷ್ ಚಲನಚಿತ್ರವೊಂದು ೧೯೮೯ನೆಯ ಇಸವಿ ಜೂನ್ ೯ರಂದು ಅಮೆರಿಕದಲ್ಲಿ ತೆರೆ ಕಂಡಿತು. ಅದರ ಹೆಸರು ‘ಸ್ಟಾರ್ ಟ್ರೆಕ್ ೫: ದಿ ಫೈನಲ್ ಫ್ರಾಂಟಿಯರ್’; ಕನ್ನಡದಲ್ಲಿ ‘ಕಟ್ಟಕಡೆಯ ಎಲ್ಲೆ’ ಎನ್ನಬಹುದು. ವಿದ್ಯಾಸಂಸ್ಥೆಯ ಸ್ಮರಣ ಸಂಪುಟದಲ್ಲಿ ಚಲನಚಿತ್ರದ ವಿವೇಚನೆಗೆ ಏನು ಎಡೆ ಎಂದು ಕೆಲವರು ಕೇಳಬಹುದು. ಕಲಿಸುವವನು ಯಾರನ್ನು ನಂಬಬೇಕು, ನಂಬುವ ಮೊದಲು ಏನನ್ನು ಕೇಳಬೇಕು, ನೋವನ್ನು ಕಳೆಯುತ್ತೇನೆಂದು ಬಂದವನಿಗೆ ಏನು ಉತ್ತರ ಕೊಡಬೇಕು ಎಂಬ ಮೂರು ವಿಷಯಗಳನ್ನು ಈ ಚಿತ್ರ ಎತ್ತುತ್ತದೆ. ಇವು ಪಾಠಶಾಲೆಗೂ ಮಠಕ್ಕೂ ಹೊರಗಿನ ವಿಷಯಗಳಲ್ಲ. ಚಿತ್ರ ಕಲೆಯಾಗಿ ಸೋತಿತೆಂಬುದು ಬಹುಮತ. ಸೋತ ಕೃತಿಯಲ್ಲಿಯೂ ಗೆದ್ದ ಪ್ರಶ್ನೆಯೊಂದು ಇರಬಹುದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಪೂರ್ವಕಥೆ

ಈ ಚಿತ್ರಕ್ಕೆ ಮೂಲವಾದುದು ಒಂದು ದೂರದರ್ಶನ ಧಾರಾವಾಹಿ. ಜೀನ್ ರಾಡನ್‌ಬೆರಿ ಎಂಬ ಅಮೆರಿಕದ ಬರೆಹಗಾರ ಕಲ್ಪಿಸಿದ ‘ಸ್ಟಾರ್ ಟ್ರೆಕ್’ ಧಾರಾವಾಹಿ ೧೯೬೬ರ ಸೆಪ್ಟೆಂಬರಿನಲ್ಲಿ ಆರಂಭವಾಗಿ ೧೯೬೯ರವರೆಗೆ ಮೂರು ಋತುಗಳಲ್ಲಿ ೭೯ ಕಂತುಗಳಾಗಿ ಪ್ರಸಾರವಾಯಿತು. ಕೆಲವು ಶತಮಾನಗಳ ಮುಂದಿನ ಕಾಲ. ಭೂಮಿಯ ಜನರು ತಮ್ಮೊಳಗಿನ ಯುದ್ಧಗಳನ್ನು ತೊರೆದು ಇತರ ಗ್ರಹವಾಸಿಗಳೊಡನೆ ಒಂದು ಒಕ್ಕೂಟವನ್ನು ಕಟ್ಟಿಕೊಂಡಿದ್ದಾರೆ. ‘ಎಂಟರ್‌ಪ್ರೈಸ್’ ಎಂಬ ನಕ್ಷತ್ರನೌಕೆ ಅಜ್ಞಾತ ಲೋಕಗಳನ್ನು ಹುಡುಕುತ್ತ ಸಂಚರಿಸುತ್ತದೆ. ಇದು ಅದರ ಹಂದರ.

ನೌಕೆಯಲ್ಲಿ ಮೂವರು ಮುಖ್ಯರು. ನಾಯಕ ಕರ್ಕ್ ಸಾಹಸಿ, ಕರ್ತೃತ್ವವುಳ್ಳವನು; ಈ ಪಾತ್ರ ವಿಲಿಯಂ ಶಾಟ್ನರ್ ಅವರದು. ಸ್ಪಾಕ್ ಎಂಬವನು ವಲ್ಕನ್ ಗ್ರಹದ ತಂದೆಗೂ ಭೂಮಿಯ ತಾಯಿಗೂ ಹುಟ್ಟಿದವನು. ಈ ಪಾತ್ರದಲ್ಲಿ ಲಿಯೊನಾರ್ಡ್ ನಿಮಾಯ್. ವಲ್ಕನರು ಭಾವವನ್ನು ನಿಗ್ರಹಿಸಿ ತರ್ಕವೊಂದನ್ನೇ ಬಾಳಿನ ನಿಯಮವಾಗಿ ಮಾಡಿಕೊಂಡವರು. ಮೂರನೆಯವನು ವೈದ್ಯ ಮೆಕಾಯ್. ಇವನು ಕರುಣಾಳು, ಮುಂಗೋಪಿ. ನಟ ಡಿಫಾರೆಸ್ಟ್ ಕೆಲ್ಲಿ. ಕ್ರಿಯೆ, ಜ್ಞಾನ, ಭಾವ ಈ ಮೂರೂ ಮೂರು ಮನುಷ್ಯರಾಗಿ ಒಂದೇ ನೌಕೆಯಲ್ಲಿ ಕುಳಿತಂತಿದೆ ಈ ಪಾತ್ರಯೋಜನೆ. ಧಾರಾವಾಹಿ ಬಹುಕಾಲ ಬಾಳಿದ್ದಕ್ಕೆ ಇದೇ ಕಾರಣವೆಂದರೆ ತಪ್ಪಾಗಲಾರದು.

ಇದರ ಮೊದಲ ಚಲನಚಿತ್ರ ೧೯೭೯ರಲ್ಲಿ ಬಂದಿತು. ನಿರ್ದೇಶಕರು ರಾಬರ್ಟ್ ವೈಸ್. ಅದರಲ್ಲಿಯೂ ಅಧ್ಯಾತ್ಮದ ಎಳೆಯಿದೆ. ಅಪಾರ ಶಕ್ತಿಯುಳ್ಳ ಯಂತ್ರವೊಂದು ತನ್ನ ಸೃಷ್ಟಿಕರ್ತನನ್ನು ಹುಡುಕುತ್ತ ಭೂಮಿಯತ್ತ ಬರುತ್ತದೆ. ಹತ್ತಿರ ಹೋಗಿ ನೋಡಿದರೆ ಅದು ಹಿಂದೆ ಮನುಷ್ಯರೇ ಹಾರಿಬಿಟ್ಟ ‘ವಾಯೇಜರ್ ೬’ ಎಂಬ ಶೋಧನೌಕೆ! ಆರನೆಯ ವಾಯೇಜರ್ ಕೇವಲ ಕಲ್ಪನೆ. ೧೯೭೭ರಲ್ಲಿ ನಿಜವಾಗಿ ಹಾರಿದವು ಎರಡು. ಆ ಎರಡರಲ್ಲಿಯೂ ಇರುವ ಚಿನ್ನದ ಲೇಪದ ಧ್ವನಿಮುದ್ರಿಕೆಯಲ್ಲಿ ೫೫ ಭಾಷೆಗಳ ವಂದನೆಗಳಿವೆ. ಅವುಗಳಲ್ಲಿ ನಮ್ಮ ಕನ್ನಡದ ನುಡಿಯೂ ಒಂದು. ವಾಯೇಜರ್ ೧ ನೌಕೆ ೨೦೧೨ರಲ್ಲಿ ಸೂರ್ಯನ ಪ್ರಭಾವವಲಯವನ್ನು ದಾಟಿ ನಕ್ಷತ್ರಗಳ ನಡುವಣ ಅವಕಾಶವನ್ನು ಪ್ರವೇಶಿಸಿತು. ಕನ್ನಡದ ಒಂದು ನಮಸ್ಕಾರ ಉತ್ತರದ ನಿರೀಕ್ಷೆಯಿಲ್ಲದೆ ಇಂದಿಗೂ ಆ ಕತ್ತಲೆಯಲ್ಲಿ ಪಯಣಿಸುತ್ತಿದೆಯೆಂಬುದು ಕನ್ನಡಿಗರು ತಿಳಿದಿರಬೇಕಾದ ಸಂಗತಿ.

ಬಳಿಕ ೧೯೮೨, ೧೯೮೪, ೧೯೮೬ರಲ್ಲಿ ಉತ್ತರಭಾಗಗಳು ಬಂದವು. ಎರಡನೆಯ ಚಿತ್ರದಲ್ಲಿ ಸ್ಪಾಕ್ ನೌಕೆಯನ್ನು ಉಳಿಸಲು ಪ್ರಾಣ ಕೊಡುತ್ತಾನೆ. ಮೂರನೆಯದರಲ್ಲಿ ಮರಳಿ ದೊರೆಯುತ್ತಾನೆ. ಮೂರನೆಯ ಮತ್ತು ನಾಲ್ಕನೆಯ ಚಿತ್ರಗಳನ್ನು ನಿಮಾಯ್ ನಿರ್ದೇಶಿಸಿದ್ದರು. ಐದನೆಯದು ಶಾಟ್ನರ್ ಅವರ ಪಾಲಿಗೆ ಬಂದಿತು. ಚಲನಚಿತ್ರವೊಂದನ್ನು ನಿರ್ದೇಶಿಸುವುದು ಅವರಿಗೆ ಅದೇ ಮೊದಲು.

ಕಥಾಸಾರ

ಚಿತ್ರದ ಮೊದಲ ದೃಶ್ಯವೇ ಅರ್ಥಗರ್ಭಿತವಾದುದು. ನಿಂಬಸ್ ೩ ಎಂಬ ಬೆಂಗಾಡು ಗ್ರಹ. ಮೂರು ವೈರಿ ರಾಜ್ಯಗಳು ಸೇರಿ ಶಾಂತಿಯ ನೆಲೆಯೆಂದು ಅದನ್ನು ಸ್ಥಾಪಿಸಿ ಮರೆತುಬಿಟ್ಟಿವೆ. ಬಿರುಗಾಳಿಯಲ್ಲಿ ಒಬ್ಬ ಬಡವನು ಒಣನೆಲವನ್ನು ಕೊರೆದು ಕೊರೆದು ಕುಳಿಗಳನ್ನು ತೋಡುತ್ತಿದ್ದಾನೆ. ಅವನ ಹೊಲದಲ್ಲಿ ಬೆಳೆಯಿಲ್ಲ. ಬರಿಯ ಕುಳಿಗಳ ಸಾಲು. ಕುದುರೆಯೇರಿ ಬಂದ ಅಪರಿಚಿತನೊಬ್ಬನು ಆ ಬಡವನ ಒಳಗಿನ ನೋವನ್ನು ಗುರುತಿಸಿ, ಅದನ್ನು ತನ್ನೊಡನೆ ಹಂಚಿಕೊಳ್ಳುವಂತೆ ಹೇಳಿ, ಮನಸ್ಸನ್ನು ಮುಟ್ಟಿ ಹಗುರಗೊಳಿಸುತ್ತಾನೆ. ಬಡವನು ಅತ್ತು, ಎದ್ದು, ಅವನ ಹಿಂದೆ ಹೊರಡುತ್ತಾನೆ. ಬಂದವನು ಸೈಬಾಕ್, ಲಾರೆನ್ಸ್ ಲಕಿನ್‌ಬಿಲ್ ಈ ಪಾತ್ರವನ್ನು ಸೊಗಸಾಗಿ ಅಭಿನಯಿಸಿದ್ದಾರೆ. ಅವನು ವಲ್ಕನನಾದರೂ ನಗಬಲ್ಲ. ತರ್ಕವನ್ನು ತೊರೆದು ಭಾವವನ್ನು ಹಿಡಿದುದಕ್ಕಾಗಿ ಸ್ವಜನರಿಂದ ಬಹಿಷ್ಕೃತನಾದವನು.

ಸೈಬಾಕ್ ಆ ಗ್ರಹದಲ್ಲಿದ್ದ ಮೂವರು ರಾಯಭಾರಿಗಳನ್ನು ಒತ್ತೆಯಾಗಿ ಹಿಡಿಯುತ್ತಾನೆ. ಅವನಿಗೆ ಬೇಕಾದುದು ಹಣವಲ್ಲ, ರಾಜ್ಯವಲ್ಲ; ಒಂದು ನಕ್ಷತ್ರನೌಕೆ. ಇತ್ತ ಕರ್ಕ್, ಸ್ಪಾಕ್, ಮೆಕಾಯ್ ಮೂವರೂ ಅಮೆರಿಕದ ಯೋಸೆಮಿಟಿ ಕಣಿವೆಯಲ್ಲಿ ರಜೆಯಲ್ಲಿದ್ದಾರೆ. ಕರ್ಕ್ ಸುಮಾರು ಮೂರು ಸಾವಿರ ಅಡಿ ಎತ್ತರದ ಎಲ್ ಕ್ಯಾಪಿಟನ್ ಬಂಡೆಯನ್ನು ಹತ್ತುವಾಗ ಜಾರಿ ಬೀಳುತ್ತಾನೆ. ಸ್ಪಾಕ್ ಅವನನ್ನು ಹಿಡಿದು ಉಳಿಸುತ್ತಾನೆ. ರಾತ್ರಿ ಬೆಂಕಿಯ ಸುತ್ತ ಕುಳಿತಾಗ ಕರ್ಕ್ ಒಂದು ಮಾತು ಹೇಳುತ್ತಾನೆ: ಗೆಳೆಯರು ಜೊತೆಗಿದ್ದುದರಿಂದ ತಾನು ಸಾಯಲಾರೆನೆಂದು ಬೀಳುವಾಗಲೂ ತಿಳಿದಿತ್ತು, ತನ್ನ ಸಾವು ಒಂಟಿತನದಲ್ಲಿಯೇ ಎಂದು ಎಂದಿನಿಂದಲೋ ಬಲ್ಲೆ ಎಂದು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಒತ್ತೆಯಾಳುಗಳನ್ನು ಬಿಡಿಸಲು ಹೋದ ನೌಕೆ ಸೈಬಾಕನ ವಶವಾಗುತ್ತದೆ. ಅವನನ್ನು ಕೊಲ್ಲುವ ಅವಕಾಶ ಸ್ಪಾಕನಿಗೆ ಒದಗಿದರೂ ಅವನು ಕೊಲ್ಲುವುದಿಲ್ಲ. ಕಾರಣ, ಸೈಬಾಕ್ ಅವನ ಮಲಸೋದರ. ಸೈಬಾಕ್ ನೌಕೆಯ ಸಿಬ್ಬಂದಿಯ ಒಬ್ಬೊಬ್ಬರ ನೋವನ್ನೂ ಕಳೆದು ತನ್ನವರನ್ನಾಗಿ ಮಾಡಿಕೊಳ್ಳುತ್ತಾನೆ. ನಮ್ಮ ಆಕಾಶಗಂಗೆಯ ಕೇಂದ್ರದತ್ತ ನೌಕೆಯನ್ನು ತಿರುಗಿಸುತ್ತಾನೆ. ಅಲ್ಲಿ ಯಾರೂ ದಾಟಲಾಗದ ಮಹಾತಡೆಯ ಆಚೆ ‘ಷಾ ಕಾ ರೀ’ ಇದೆ. ಅದೇ ಸೃಷ್ಟಿಯ ಮೂಲಸ್ಥಾನ. ಅಲ್ಲಿಂದ ದೇವರು ತನ್ನನ್ನು ಕರೆದಿದ್ದಾನೆ ಎಂಬುದು ಅವನ ದೃಢವಾದ ನಂಬಿಕೆ.

ನೌಕೆ ತಡೆಯನ್ನು ದಾಟುತ್ತದೆ. ಸೈಬಾಕನೊಡನೆ ಮೂವರು ಗೆಳೆಯರು ನೆಲಕ್ಕಿಳಿಯುತ್ತಾರೆ. ಎಲ್ಲಿಯೂ ಯಾರೂ ಇಲ್ಲ. ಒಮ್ಮೆಲೆ ನೆಲ ನಡುಗಿ, ಕಂಬಗಳಂತಹ ಬಂಡೆಗಳು ಸುತ್ತಲೂ ಮೇಲೆದ್ದು, ನಡುವೆ ಬೆಳಕಿನ ಸ್ತಂಭವೊಂದು ಕಾಣಿಸಿಕೊಳ್ಳುತ್ತದೆ. ಅದು ಅನೇಕ ಮುಖಗಳನ್ನು ತಳೆದು, ಕೊನೆಗೆ ಗಡ್ಡದ ವೃದ್ಧನೊಬ್ಬನ ಮುಖವಾಗಿ ನಿಲ್ಲುತ್ತದೆ. ಗಂಭೀರ ಸ್ವರದಲ್ಲಿ ಮಾತನಾಡುತ್ತದೆ. ಇಲ್ಲಿಗೆ ಹೇಗೆ ಬಂದಿರೆಂದು ಕೇಳಿ, ನೌಕೆಯಲ್ಲಿ ಬಂದೆವೆಂದು ತಿಳಿದೊಡನೆ, ಆ ನೌಕೆಯನ್ನು ಹತ್ತಿರ ತರುವಂತೆಯೂ ಅದರ ಮೂಲಕ ತನ್ನ ಜ್ಞಾನವನ್ನು ಲೋಕಕ್ಕೆಲ್ಲ ಒಯ್ಯುವುದಾಗಿಯೂ ಹೇಳುತ್ತದೆ. ಆಗ ಕರ್ಕ್ ವಿನಯದಿಂದಲೇ ಒಂದು ಪ್ರಶ್ನೆಯನ್ನು ಕೇಳುತ್ತಾನೆ: ದೇವರಿಗೆ ನೌಕೆಯ ಆವಶ್ಯಕತೆ ಏನು?

ಉತ್ತರವಾಗಿ ಬಂದುದು ಸಿಡಿಲು. ಕರ್ಕ್ ಬೀಳುತ್ತಾನೆ. ಸ್ಪಾಕ್ ಅದೇ ಪ್ರಶ್ನೆಯನ್ನು ಎತ್ತುತ್ತಾನೆ, ಅವನಿಗೂ ಸಿಡಿಲು. ತನ್ನ ಸಂತೋಷಕ್ಕಾಗಿ ನೋಯಿಸುವ ದೇವರನ್ನು ತಾನು ನಂಬಲಾರೆನೆಂದು ವೈದ್ಯ ಮೆಕಾಯ್ ಹೇಳುತ್ತಾನೆ. ಕಡೆಗೆ ಸೈಬಾಕನ ಕಣ್ಣು ತೆರೆಯುತ್ತದೆ. ತಾನು ಬಾಳೆಲ್ಲ ಹುಡುಕಿದ ದೇವರು ಆ ತಡೆಯೊಳಗೆ ಯುಗಯುಗಗಳಿಂದ ಸೆರೆಯಾಗಿದ್ದ ಒಂದು ದುಷ್ಟಶಕ್ತಿ. ಅದಕ್ಕೆ ಬೇಕಾದುದು ಭಕ್ತರಲ್ಲ, ಪಾರಾಗುವ ವಾಹನ. ಆ ಶಕ್ತಿ ಈಗ ಸೈಬಾಕನದೇ ಮುಖವನ್ನು ತಳೆದು ಅವನೆದುರು ನಿಲ್ಲುತ್ತದೆ. ಅವನು ತನ್ನ ತಪ್ಪಿಗೆ ಬೆಲೆಯಾಗಿ ಅದನ್ನು ತಬ್ಬಿ ಹೋರಾಡಿ ಉಳಿದವರಿಗೆ ತಪ್ಪಿಸಿಕೊಳ್ಳುವ ಕಾಲವನ್ನು ದೊರಕಿಸಿ ಮಡಿಯುತ್ತಾನೆ. ಒಂಟಿಯಾಗಿ ಉಳಿದ ಕರ್ಕ್‌ನನ್ನು ಶತ್ರುಗಳಾದ ಕ್ಲಿಂಗನರ ನೌಕೆಯೇ ಬಂದು ಉಳಿಸುತ್ತದೆ. ಅದನ್ನು ತಂದವನು ಸ್ಪಾಕ್.

ನೋವನ್ನು ಕಳೆಯುವವನು

ಚಿತ್ರದ ಹೃದಯಭಾಗ ಇರುವುದು ಕೊನೆಯ ಸಿಡಿಲು ಗುಡುಗುಗಳಲ್ಲಿ ಅಲ್ಲ. ನೌಕೆಯ ಒಂದು ಕೋಣೆಯಲ್ಲಿ ನಡೆಯುವ ಸಂವಾದದಲ್ಲಿ. ಅಲ್ಲಿ ಸೈಬಾಕ್ ಮೂವರು ಗೆಳೆಯರ ನೋವನ್ನೂ ಹೊರತೆಗೆಯಲು ತೊಡಗುತ್ತಾನೆ.

ಮೆಕಾಯ್‌ನ ನೋವು ದಾರುಣವಾದುದು. ಅವನ ತಂದೆ ಗುಣವಾಗದ ರೋಗದಿಂದ ನರಳುತ್ತಿದ್ದರು; ತನ್ನನ್ನು ಬಿಡುಗಡೆ ಮಾಡೆಂದು ಮಗನನ್ನೇ ಬೇಡಿದರು. ವೈದ್ಯನಾದ ಮಗ ಜೀವಾಧಾರದ ಯಂತ್ರವನ್ನು ನಿಲ್ಲಿಸಿದ. ಸ್ವಲ್ಪಕಾಲದಲ್ಲಿಯೇ ಆ ರೋಗಕ್ಕೆ ಔಷಧ ದೊರೆಯಿತು. ಈ ಶೂಲವನ್ನು ಅವನು ಯಾರಿಗೂ ಹೇಳದೆ ಹೊತ್ತಿದ್ದಾನೆ. ಸ್ಪಾಕನ ನೋವು ಅವನ ಹುಟ್ಟಿನಷ್ಟೇ ಹಳೆಯದು. ಎಳೆಗೂಸನ್ನು ನೋಡಿದ ತಂದೆ, ಇದು ತೀರ ಮನುಷ್ಯರಂತಿದೆಯೆಂದು ನಿರಾಶೆಯಿಂದ ನುಡಿದ ದೃಶ್ಯವನ್ನು ಸೈಬಾಕ್ ಅವನ ಕಣ್ಣ ಮುಂದೆ ತರುತ್ತಾನೆ. ಹೆತ್ತವರ ಒಂದು ಮಾತು ಮಗುವಿನ ಬಾಳಿನುದ್ದಕ್ಕೂ ಹೇಗೆ ನೆಟ್ಟ ಮುಳ್ಳಾಗುತ್ತದೆಂಬುದನ್ನು ಉಪಾಧ್ಯಾಯರಾದವರಿಗೆ ವಿವರಿಸಬೇಕಾಗಿಲ್ಲ.

ಮೂರನೆಯ ಸರದಿ ಕರ್ಕ್‌ನದು. ಅವನು ನಿರಾಕರಿಸುತ್ತಾನೆ. ನೋವು, ಪಶ್ಚಾತ್ತಾಪಗಳು ಮಂತ್ರದ ಕೋಲಿನಿಂದ ಮಾಯವಾಗತಕ್ಕವಲ್ಲ. ನಮ್ಮನ್ನು ನಾವಾಗಿ ಮಾಡಿದವು ಅವೇ. ಅವನ್ನು ಕಳೆದುಕೊಂಡರೆ ನಮ್ಮನ್ನೇ ಕಳೆದುಕೊಂಡಂತೆ. ಆದುದರಿಂದ ನನ್ನ ನೋವು ನನಗೆ ಇರಲಿ, ಎಂಬುದು ಅವನ ಮಾತಿನ ಭಾವ. ಸ್ಪಾಕನೂ ಮೆಕಾಯ್‌ನೂ ಆಗ ಅವನ ಪಕ್ಕದಲ್ಲಿಯೇ ನಿಲ್ಲುತ್ತಾರೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸೈಬಾಕ್ ಸುಳ್ಳುಗಾರನಲ್ಲ. ಅವನು ನೋವನ್ನು ನಿಜವಾಗಿಯೂ ಹಗುರಗೊಳಿಸಬಲ್ಲ. ದೋಷವಿರುವುದು ಆಮೇಲೆ ನಡೆಯುವ ಸಂಗತಿಯಲ್ಲಿ. ಹಗುರಾದವನು ತನ್ನ ಕಾಲ ಮೇಲೆ ನಿಲ್ಲುವುದಿಲ್ಲ. ಹಗುರಗೊಳಿಸಿದವನ ಬೆನ್ನು ಹತ್ತುತ್ತಾನೆ. ಇಪ್ಪತ್ತು ವರ್ಷ ಸಲಹಿದ ನಾಯಕನನ್ನು ಸಿಬ್ಬಂದಿ ಒಂದು ಗಳಿಗೆಯಲ್ಲಿ ಮರೆಯುತ್ತದೆ. ದುಃಖವನ್ನು ಕಳೆದವನು ಅದರ ಜೊತೆಗೆ ವಿವೇಕವನ್ನೂ ಕಳೆದಿದ್ದಾನೆ. ನಿಜವಾದ ಗುರು ಶಿಷ್ಯನ ಭಾರವನ್ನು ಕಿತ್ತುಕೊಳ್ಳುವವನಲ್ಲ. ಹೊರುವ ಶಕ್ತಿಯನ್ನು ಕೊಡುವವನು. ನಮ್ಮ ಷಟ್‌ಸ್ಥಲ ಸಿದ್ಧಾಂತದಲ್ಲಿ ಪ್ರಸಾದಿಸ್ಥಲವೆಂಬುದೊಂದಿದೆ. ಸುಖವಾಗಲಿ ದುಃಖವಾಗಲಿ ಬಂದುದನ್ನು ಪ್ರಸಾದವೆಂದು ಸ್ವೀಕರಿಸುವ ನೆಲೆ ಅದು. ಆ ಪ್ರಸಾದಬುದ್ಧಿಗೂ ಕರ್ಕ್‌ನ ನಿಲುವಿಗೂ ಅಂತರವುಂಟು. ಅವನದು ಭಕ್ತಿಯಲ್ಲ, ಸ್ವಾಭಿಮಾನ. ಆದರೆ ದುಃಖವನ್ನು ಹೊರಗೆಸೆಯತಕ್ಕ ಕಸವೆಂದು ಎರಡೂ ಭಾವಿಸುವುದಿಲ್ಲ. ಇಷ್ಟು ಸಾಮ್ಯವನ್ನು ಹೇಳಿದರೆ ಸಾಕು. ಹೊರಗಿನವರ ಪ್ರತಿಯೊಂದು ಕೃತಿಯಲ್ಲಿಯೂ ‘ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು’ ಎಂದು ಬೀಗುವುದು ವಿದ್ವತ್ತಿಗೆ ಶೋಭೆಯಲ್ಲ.

ಪ್ರಶ್ನೆಯ ಹಿನ್ನೆಲೆ

ದೇವರಿಗೆ ನೌಕೆಯೇಕೆಂಬ ಪ್ರಶ್ನೆ ಎಲ್ಲಿಂದ ಬಂದಿತೆಂಬುದನ್ನು ತಿಳಿದರೆ ಅದರ ಮೊನೆ ಇನ್ನಷ್ಟು ಸ್ಪಷ್ಟವಾಗುತ್ತದೆ. ೧೯೮೦ರ ದಶಕದ ಅಮೆರಿಕದಲ್ಲಿ ದೂರದರ್ಶನದ ಮೂಲಕ ಧರ್ಮಬೋಧೆ ಮಾಡುವವರ ಪ್ರಭಾವ ಬಹಳವಾಗಿತ್ತು. ದೇವರು ತಮ್ಮೊಡನೆ ನೇರವಾಗಿ ಮಾತನಾಡುತ್ತಾನೆ ಎನ್ನುತ್ತ, ಅದೇ ಉಸಿರಿನಲ್ಲಿ ನೋಡುಗರಿಂದ ಹಣ ಕೇಳುವುದು ಅವರಲ್ಲಿ ಹಲವರ ಪದ್ಧತಿ. ಓರಲ್ ರಾಬರ್ಟ್ಸ್ ಎಂಬ ಪ್ರಖ್ಯಾತ ಬೋಧಕರು ೧೯೮೭ರಲ್ಲಿ, ಗೊತ್ತುಪಡಿಸಿದ ಅವಧಿಯೊಳಗೆ ೮೦ ಲಕ್ಷ ಡಾಲರ್ ಕೂಡದಿದ್ದರೆ ದೇವರು ತಮ್ಮನ್ನು ಕರೆದುಕೊಳ್ಳುವನೆಂದು ಸಾರಿದುದು ಲೋಕಪ್ರಸಿದ್ಧವಾಯಿತು. ಇಂತಹ ಬೋಧಕರನ್ನು ಕಂಡೇ ಶಾಟ್ನರ್ ಅವರ ಮನಸ್ಸಿನಲ್ಲಿ ಈ ಕಥೆಯ ಬೀಜ ಮೊಳೆಯಿತು. ಅವರ ಮೊದಲ ಕಲ್ಪನೆಯಲ್ಲಿ ದೇವರೆಂದು ಬಂದವನು ಸೈತಾನನೇ ಆಗಿದ್ದ. ಅದಕ್ಕೆ ಆಕ್ಷೇಪಗಳು ಬಂದುದರಿಂದ, ದೇವರ ವೇಷ ತೊಟ್ಟ ಅನ್ಯಲೋಕದ ಶಕ್ತಿಯೆಂದು ಕಥೆ ಬದಲಾಯಿತು. ಸ್ಪಾಕ್ ಮತ್ತು ಮೆಕಾಯ್ ಇಬ್ಬರೂ ಕರ್ಕ್‌ನನ್ನು ಬಿಟ್ಟುಹೋಗುವಂತೆ ಇದ್ದ ಭಾಗವನ್ನು ಆ ಪಾತ್ರಗಳ ನಟರು ಒಪ್ಪಲಿಲ್ಲ. ಪಾತ್ರದ ಶೀಲವನ್ನು ನಟನೇ ಕಾಯ್ದ ಉದಾಹರಣೆಯಿದು.

ಪ್ರಶ್ನೆಯ ತರ್ಕ ಸರಳ. ಪೂರ್ಣನಾದವನಿಗೆ ಬೇಡಿಕೆಯಿಲ್ಲ; ಬೇಡಿಕೆಯುಳ್ಳವನು ಪೂರ್ಣನಲ್ಲ. ಎಲ್ಲೆಡೆಯೂ ಇರುವವನಿಗೆ ವಾಹನ ಬೇಡ; ವಾಹನ ಬೇಕೆನ್ನುವವನು ಎಲ್ಲೆಡೆಯೂ ಇಲ್ಲ. ಆದುದರಿಂದ ಎದುರಿನಲ್ಲಿರುವುದು ದೇವರಲ್ಲ. ನ್ಯಾಯಶಾಸ್ತ್ರವನ್ನು ಓದಿದವರು ಇದನ್ನು ಪಂಚಾವಯವ ವಾಕ್ಯವಾಗಿ ಸುಲಭವಾಗಿ ಬಿಡಿಸಬಲ್ಲರು. ಆ ಶಕ್ತಿ ಕೊಟ್ಟ ಉತ್ತರವೇ ಎರಡನೆಯ ಪ್ರಮಾಣ. ಪ್ರಶ್ನೆಗೆ ಉತ್ತರ ಕೊಡಲಾರದವನು ಪ್ರಶ್ನಿಸಿದವನನ್ನು ದಂಡಿಸುತ್ತಾನೆ. ಇದು ದೇವರನ್ನು ಮಾತ್ರವಲ್ಲ, ಗುರುವನ್ನೂ ಸಂಸ್ಥೆಯನ್ನೂ ಅಳೆಯತಕ್ಕ ಒರೆಗಲ್ಲು.

ಪ್ರಶ್ನೆ ಕೇಳುವುದು ಭಕ್ತಿಗೆ ವಿರೋಧವೆಂದು ಹಲವರು ತಿಳಿದಿದ್ದಾರೆ. ನಮ್ಮ ಪರಂಪರೆ ಹಾಗೆ ತಿಳಿದಿರಲಿಲ್ಲ. ‘ಶೂನ್ಯಸಂಪಾದನೆ’ ಎಂಬ ಮಹಾಕೃತಿ ನಿಂತಿರುವುದೇ ಪ್ರಶ್ನೋತ್ತರಗಳ ಮೇಲೆ. ಅನುಭವಮಂಟಪಕ್ಕೆ ಬಂದ ಮಹಾದೇವಿಯಕ್ಕನಿಗೆ ಅಲ್ಲಮಪ್ರಭುವು ಕಠಿನವಾದ ಪ್ರಶ್ನೆಗಳನ್ನೊಡ್ಡುತ್ತಾನೆ. ಅಕ್ಕ ಸಿಟ್ಟಾಗದೆ ಒಂದೊಂದಕ್ಕೂ ಉತ್ತರ ಕೊಟ್ಟು ಎಲ್ಲರ ಗೌರವಕ್ಕೆ ಪಾತ್ರಳಾಗುತ್ತಾಳೆ. ಸೊನ್ನಲಿಗೆಯಲ್ಲಿ ಕೆರೆ ದೇಗುಲಗಳನ್ನು ಕಟ್ಟಿಸುತ್ತಿದ್ದ ಸಿದ್ಧರಾಮನನ್ನೂ ಪ್ರಭುವು ಬಿಡುವುದಿಲ್ಲ. ಅಷ್ಟು ದೊಡ್ಡ ಲೋಕೋಪಕಾರಿಯನ್ನು ಸಹ, ಈ ಕಾರ್ಯದ ನಡುವೆ ನಿನ್ನ ಅರಿವೆಲ್ಲಿ ಎಂದು ಕೆಣಕುತ್ತಾನೆ. ಪ್ರಶ್ನೆಯನ್ನು ತಾಳಿಕೊಂಡವರೇ ಇಲ್ಲಿ ಶರಣರು. ಚಿತ್ರದ ಸುಳ್ಳುದೇವರಿಗೆ ಒಂದು ಪ್ರಶ್ನೆಯನ್ನೂ ತಾಳುವ ಶಕ್ತಿಯಿರಲಿಲ್ಲ.

ಗುಣದೋಷ ವಿಚಾರ

ಇಷ್ಟು ಗಟ್ಟಿಯಾದ ವಸ್ತುವುಳ್ಳ ಚಿತ್ರ ಏಕೆ ಸೋತಿತು? ಹಿಂದಿನ ಚಿತ್ರ ಅಮೆರಿಕದಲ್ಲಿ ಸುಮಾರು ೧೧ ಕೋಟಿ ಡಾಲರ್ ಗಳಿಸಿದ್ದರೆ ಇದು ಗಳಿಸಿದುದು ಸುಮಾರು ೫ ಕೋಟಿ ೨೦ ಲಕ್ಷ. ವರ್ಷದ ಅತಿ ಕಳಪೆ ಕೃತಿಗಳಿಗೆ ಪರಿಹಾಸವಾಗಿ ಕೊಡುವ ‘ರಾಜಿ’ ಪ್ರಶಸ್ತಿಗಳಲ್ಲಿ ಕಳಪೆ ಚಿತ್ರ, ಕಳಪೆ ನಿರ್ದೇಶನ, ಕಳಪೆ ನಟ ಎಂಬ ಮೂರೂ ಇದಕ್ಕೆ ಸಂದವು.

ಹೊರಗಿನ ಕಾರಣಗಳು ಕೆಲವು. ೧೯೮೮ರಲ್ಲಿ ಅಮೆರಿಕದ ಚಿತ್ರಲೇಖಕರ ಮುಷ್ಕರ ಹಲವು ತಿಂಗಳು ನಡೆದು ಕೆಲಸ ತಡವಾಯಿತು. ದೃಶ್ಯಚಮತ್ಕಾರಗಳಲ್ಲಿ ನುರಿತಿದ್ದ ಸಂಸ್ಥೆ ಬೇರೆ ಚಿತ್ರಗಳಲ್ಲಿ ತೊಡಗಿದ್ದುದರಿಂದ ಕೆಲಸವನ್ನು ಇತರರಿಗೆ ಒಪ್ಪಿಸಬೇಕಾಯಿತು, ಫಲಿತಾಂಶ ಪೇಲವವಾಯಿತು. ಕೊನೆಯಲ್ಲಿ ಕಲ್ಲಿನ ಮನುಷ್ಯರು ನೆಲದಿಂದೆದ್ದು ಅಟ್ಟಿಬರುವಂತೆ ಯೋಜಿಸಿದ್ದ ದೃಶ್ಯ ಹಣ ಸಾಲದೆ, ಸರಿಯಾಗಿ ಮೂಡದೆ ಕೈಬಿಟ್ಟಿತು.

ಒಳಗಿನ ಕಾರಣ ಇವೆಲ್ಲಕ್ಕಿಂತ ದೊಡ್ಡದು. ಹನ್ನೊಂದನೆಯ ಶತಮಾನದ ಕಾಶ್ಮೀರದ ಆಲಂಕಾರಿಕನಾದ ಕ್ಷೇಮೇಂದ್ರನು ಔಚಿತ್ಯವನ್ನು ರಸದ ಜೀವವೆಂದು ಪ್ರತಿಪಾದಿಸಿದನು. ಈ ಚಿತ್ರದಲ್ಲಿ ಕಾಣದಿರುವುದು ಅದೇ. ನೌಕೆಯನ್ನು ತನ್ನ ಅಂಗೈಯಂತೆ ಬಲ್ಲೆನೆಂದ ಮುಖ್ಯ ಯಂತ್ರಜ್ಞನು ಮರುಕ್ಷಣವೇ ತೊಲೆಗೆ ತಲೆ ಬಡಿದುಕೊಂಡು ಬೀಳುತ್ತಾನೆ. ಗೌರವಾನ್ವಿತ ಅಧಿಕಾರಿಣಿಯೊಬ್ಬಳು ಕಾವಲುಗಾರರನ್ನು ಸೆಳೆಯಲು ಮರಳುದಿಬ್ಬದ ಮೇಲೆ ನರ್ತಿಸುತ್ತಾಳೆ. ಹಿಂದಿನ ಚಿತ್ರದ ಹಾಸ್ಯ ಜನಪ್ರಿಯವಾಗಿತ್ತೆಂದು ಇಲ್ಲಿಯೂ ಅದನ್ನು ತುಂಬಲು ಹೋದುದರ ಫಲವಿದು. ಅಲ್ಲಿ ಹಾಸ್ಯ ಕಥೆಯಿಂದ ಹುಟ್ಟಿತ್ತು. ಇಲ್ಲಿ ಹೊರಗಿನಿಂದ ಬಂದು ಕುಳಿತಿದೆ. ಅದ್ಭುತವಾಗಿ ಆರಂಭವಾಗಿ ಶಾಂತದಲ್ಲಿ ಮುಗಿಯಬೇಕಾದ ಕಥೆ ನಡುವೆ ನಗೆಗೀಡಾದರೆ ಕೊನೆಯ ಗಂಭೀರ ಪ್ರಶ್ನೆಯನ್ನು ಕೇಳುವ ಕಿವಿಯೇ ಮುಚ್ಚಿಹೋಗುತ್ತದೆ. ಆದರೂ ಜೆರ್ರಿ ಗೋಲ್ಡ್‌ಸ್ಮಿತ್ ಅವರ ಸಂಗೀತ ಆದ್ಯಂತವಾಗಿ ಉನ್ನತವಾಗಿದೆ. ಸೈಬಾಕನಂತಹ ಪ್ರತಿನಾಯಕ ಇಂತಹ ಸಾಹಸಚಿತ್ರಗಳಲ್ಲಿ ವಿರಳ. ಅವನು ವಂಚಕನಲ್ಲ, ವಂಚಿತ. ಇತರರ ನೋವನ್ನೆಲ್ಲ ಕಂಡವನು ತನ್ನ ಹಂಬಲವನ್ನು ಮಾತ್ರ ಪರೀಕ್ಷಿಸಲಿಲ್ಲ. ಸುಳ್ಳುದೇವರು ಅವನ ಮುಖವನ್ನೇ ತಳೆದು ನಿಂತುದರ ಅರ್ಥ ಇದೇ: ಅವನು ದೇವರೆಂದು ಹುಡುಕಿದುದು ತನ್ನ ಇಚ್ಛೆಯ ಪ್ರತಿಬಿಂಬವನ್ನು.

ಕೇಂದ್ರದಲ್ಲಿ ನಿಜವಾಗಿ ಏನಿದೆ?

ವಿದ್ಯಾರ್ಥಿಗಳು ಇದನ್ನು ಕೇಳದೆ ಇರಲಾರರು. ನಮ್ಮ ಆಕಾಶಗಂಗೆಯ ಕೇಂದ್ರ ಭೂಮಿಯಿಂದ ಸುಮಾರು ೨೬,೦೦೦ ಜ್ಯೋತಿರ್ವರ್ಷಗಳ ದೂರದಲ್ಲಿದೆ. ಅಂದರೆ ಅಲ್ಲಿಂದ ಹೊರಟ ಬೆಳಕು ನಮ್ಮನ್ನು ಮುಟ್ಟಲು ಅಷ್ಟು ವರ್ಷಗಳು ಬೇಕು. ಅಲ್ಲಿ ಸುಮಾರು ೪೦ ಲಕ್ಷ ಸೂರ್ಯರ ತೂಕದ ಒಂದು ಕಪ್ಪುಕುಳಿ ಇದೆ. ಅದರ ಸುತ್ತ ನಕ್ಷತ್ರಗಳು ತಿರುಗುವ ಬಗೆಯನ್ನು ವರ್ಷಾನುಗಟ್ಟಲೆ ಅಳೆದು ಇದನ್ನು ಕಂಡುಕೊಂಡ ರೈನ್‌ಹಾರ್ಡ್ ಗೆಂಜೆಲ್ ಮತ್ತು ಆಂಡ್ರಿಯಾ ಗೆಜ್ ಅವರು ೨೦೨೦ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಭೂಮಿಯ ಹಲವೆಡೆಯ ರೇಡಿಯೋ ದೂರದರ್ಶಕಗಳನ್ನು ಕೂಡಿಸಿ ತೆಗೆದ ಅದರ ಚಿತ್ರ ೨೦೨೨ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಬೆಳಕನ್ನೂ ಹೊರಬಿಡದ ಕತ್ತಲೆ, ಅದರ ಸುತ್ತ ಉರಿಯುವ ಬಳೆ. ಮೂಲೋದ್ಯಾನವನ್ನು ಬಯಸಿ ಹೋದವನಿಗೆ ಅಲ್ಲಿ ಸ್ವಾಗತವಿಲ್ಲ.

ಅಲ್ಲಿ ದೇವರಿಲ್ಲವೆಂದು ಇದರಿಂದ ಸಿದ್ಧವಾಗುವುದಿಲ್ಲ, ಇದೆಯೆಂದೂ ಸಿದ್ಧವಾಗುವುದಿಲ್ಲ. ದೂರವನ್ನು ಅಳೆಯುವುದು ವಿಜ್ಞಾನದ ಕೆಲಸ. ದೂರ ಹೋದರೆ ಮಾತ್ರ ದೊರೆಯುವುದು ದೇವರಲ್ಲವೆಂದು ತಿಳಿಯುವುದು ವಿವೇಕದ ಕೆಲಸ. ಒಂದು ಇನ್ನೊಂದರ ಕೆಲಸವನ್ನು ಕಸಿಯಬೇಕಾಗಿಲ್ಲ.

ಚಿತ್ರದ ಕೊನೆಯಲ್ಲಿ, ದೇವರು ನಿಜವಾಗಿಯೂ ಅಲ್ಲೆಲ್ಲೋ ಇರುವನೆ ಎಂದು ಮೆಕಾಯ್ ಕೇಳಿದಾಗ ಕರ್ಕ್, ಅವನಿರುವುದು ಬಹುಶಃ ಇಲ್ಲಿ, ಮನುಷ್ಯನ ಹೃದಯದಲ್ಲಿ, ಎಂಬರ್ಥದ ಮಾತನ್ನಾಡುತ್ತಾನೆ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ನಿರೀಕ್ಷಿಸುವವರಿಗೆ ಈ ಮಾತು ಅಪರಿಚಿತವಲ್ಲ. ಮಡಿದ ಸೋದರನಿಗಾಗಿ ಸ್ಪಾಕ್ ಮೌನವಾಗಿರುತ್ತಾನೆ. ತಾನೂ ಒಮ್ಮೆ ಒಬ್ಬ ಸೋದರನನ್ನು ಕಳೆದುಕೊಂಡಿದ್ದೆ, ಅದೃಷ್ಟದಿಂದ ಅವನು ಮರಳಿ ದೊರೆತನೆಂದು ಕರ್ಕ್ ನುಡಿಯುತ್ತಾನೆ. ಆ ಸೋದರನು ಸ್ಪಾಕನೇ. ಒಂಟಿಯಾಗಿ ಸಾಯುವೆನೆಂದು ನಂಬಿದ್ದವನನ್ನು ಕೊನೆಯ ಗಳಿಗೆಯಲ್ಲಿ ಉಳಿಸಲು ಬಂದುದು ಬೆಳಕಿನ ಸ್ತಂಭವಲ್ಲ, ಗೆಳೆಯ. ದೇವರನ್ನು ಹುಡುಕಲು ಹೊರಟ ಕಥೆ ಬಂಧುವನ್ನು ಗುರುತಿಸುವಲ್ಲಿ ಮುಗಿಯುತ್ತದೆ.

ನಟನ ನಿಜವಾದ ಯಾನ

ಕಥೆಗಿಂತ ವಿಚಿತ್ರವಾದ ಉತ್ತರಭಾಗವನ್ನು ಕಾಲವೇ ಬರೆಯಿತು. ೨೦೨೧ನೆಯ ಇಸವಿ ಅಕ್ಟೋಬರ್ ೧೩ರಂದು, ತಮ್ಮ ೯೦ನೆಯ ವಯಸ್ಸಿನಲ್ಲಿ, ವಿಲಿಯಂ ಶಾಟ್ನರ್ ‘ಬ್ಲೂ ಆರಿಜಿನ್’ ಸಂಸ್ಥೆಯ ರಾಕೆಟ್ಟಿನಲ್ಲಿ ಟೆಕ್ಸಾಸಿನಿಂದ ಹಾರಿ ನಿಜವಾಗಿಯೇ ಅಂತರಿಕ್ಷವನ್ನು ಮುಟ್ಟಿಬಂದರು. ಯಾನದ ಕಾಲ ಸುಮಾರು ೧೦ ನಿಮಿಷ. ಎತ್ತರ ೧೦೦ ಕಿಲೋಮೀಟರಿಗೂ ಮಿಗಿಲು. ಅಂದಿನವರೆಗೆ ಅಂತರಿಕ್ಷಕ್ಕೆ ಹೋದವರಲ್ಲಿ ಅವರೇ ಅತಿ ಹಿರಿಯರು. ಇಳಿದು ಬಂದಾಗ ಅವರು ಕಣ್ಣೀರಿಟ್ಟರು. ಮೇಲೆ ಕಂಡ ಕಪ್ಪು ಶೂನ್ಯ ಸಾವಿನಂತೆ ತೋರಿತು. ಕೆಳಗೆ ತೆಳುವಾದ ನೀಲಿ ಹೊದಿಕೆಯೊಳಗಿನ ಭೂಮಿ ಜೀವದಂತೆ ತೋರಿತು. ಆ ಭೂಮಿಯನ್ನು ನಾವು ಹಾಳುಮಾಡುತ್ತಿರುವುದನ್ನು ನೆನೆದು ತೀವ್ರವಾದ ಶೋಕ ಉಂಟಾಯಿತು ಎಂಬ ಅರ್ಥದಲ್ಲಿ ಆಮೇಲೆ ೨೦೨೨ರ ತಮ್ಮ ಪುಸ್ತಕದಲ್ಲಿ ಬರೆದರು. ಮುಗಿಲಿನಲ್ಲಿ ಬೆರಗನ್ನು ನಿರೀಕ್ಷಿಸಿ ಹೋದವರಿಗೆ ದೊರೆತುದು ನೆಲದ ಮೇಲಣ ಮಮತೆ. ಮೂವತ್ತೆರಡು ವರ್ಷಗಳ ಹಿಂದೆ ತಾವೇ ನಾಯಕನ ಬಾಯಲ್ಲಿ ಆಡಿದ ಮಾತಿಗೆ ಮುದುಕರಾಗಿ ತಾವೇ ಸಾಕ್ಷಿಯಾದರು.

ಉಪಸಂಹಾರ

ಈ ವಿವೇಚನೆಯಿಂದ ಅಧ್ಯಾಪಕರು ಗ್ರಹಿಸತಕ್ಕ ಸಾರ ಇಷ್ಟು. ತರಗತಿಯಲ್ಲಿ ಎದ್ದು ನಿಂತು ‘ಏಕೆ’ ಎಂದು ಕೇಳುವ ಹುಡುಗನು ಅವಿಧೇಯನಲ್ಲ. ಅವನಿಗೆ ಸಿಡಿಲಿನ ಉತ್ತರ ಕೊಟ್ಟರೆ ನಾವು ಆ ಸುಳ್ಳುದೇವರ ಸಾಲಿಗೆ ಸೇರುತ್ತೇವೆ. ಮನೆಯ ನೋವನ್ನು ಹೊತ್ತು ಬಂದು ಹಿಂದಿನ ಸಾಲಿನಲ್ಲಿ ಕೂಡುವ ಮಗುವಿನ ಭಾರವನ್ನು ನಾವು ಮಾಯಮಾಡಲಾರೆವು; ಅದು ಒಂಟಿಯಾಗಿ ಹೊರದಂತೆ ಪಕ್ಕದಲ್ಲಿ ನಿಲ್ಲಬಲ್ಲೆವು. ಕರ್ಕ್‌ನ ಗೆಳೆಯರು ಮಾಡಿದುದೂ ಅಷ್ಟೇ.

ದಾನಿಗಳಾದ ಮಹನೀಯರಲ್ಲಿಯೂ ಒಂದು ವಿನಂತಿ. ತಾವು ಕೊಡುವುದು ದೇವರಿಗೆ ಬೇಕೆಂದು ಅಲ್ಲ. ಅವನಿಗೆ ನೌಕೆಯೂ ಬೇಡ, ಕಟ್ಟಡವೂ ಬೇಡ. ಬೇಕಾಗಿರುವುದು ಹಸಿದು ಬಂದ ಮಗುವಿಗೆ, ಪುಸ್ತಕವಿಲ್ಲದ ಮಗುವಿಗೆ. ಕೊಟ್ಟ ಹಣ ಎಲ್ಲಿ ಸಂದಿತೆಂದು ಕೇಳುವುದು ದಾನಿಯ ಹಕ್ಕು. ನಗುಮೊಗದಿಂದ ಲೆಕ್ಕ ಒಪ್ಪಿಸುವುದು ಸಂಸ್ಥೆಯ ಧರ್ಮ. ದಾಸೋಹವೆಂಬ ಮಾತಿನಲ್ಲಿ ಕೊಟ್ಟವನ ಹಮ್ಮಿಗೂ ಎಡೆಯಿಲ್ಲ, ಪಡೆದವನ ಗುಟ್ಟಿಗೂ ಎಡೆಯಿಲ್ಲ. ಪ್ರಶ್ನೆಯನ್ನು ತಾಳಬಲ್ಲ ಗುರುಗಳೂ ಪ್ರಶ್ನೆಯನ್ನು ಕೇಳಬಲ್ಲ ಶಿಷ್ಯರೂ ಈ ವಿದ್ಯಾಲಯದಲ್ಲಿ ಎಂದೆಂದಿಗೂ ತುಂಬಿರಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ. ಶರಣು.